ಹಬೆ ಒಳಗೆ ಹೋಗುತ್ತಿದೆ, ಎಣ್ಣೆ ಹೊರಗೆ ಬರುತ್ತಿಲ್ಲ: ಶಾಖ ಕೊಡುವ ತೈಲಬಾವಿಗಳಲ್ಲಿ ದೋಷ ಹುಡುಕುವ ಬಗೆ

ಮುಂಬೈ, ಪುಣೆ ಸುತ್ತಿನ ಕನ್ನಡಿಗರಲ್ಲಿ ಹಬೆಯ ಕೆಲಸ ಬಲ್ಲವರು ಬಹಳ ಮಂದಿ ಇದ್ದಾರೆ. ತಳೋಜಾ, ಅಂಬರನಾಥ, ಡೊಂಬಿವಲಿ, ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ಬಾಯ್ಲರ್ ಎದುರು ನಿಂತು ಕೆಲಸ ಕಲಿತು, ಆಮೇಲೆ ಗುಜರಾತಿನ ತೈಲಕ್ಷೇತ್ರಗಳಿಗೆ ಹೊರಳಿದವರನ್ನು ನಾನು ಬಲ್ಲೆ. ದಪ್ಪ ಎಣ್ಣೆಯನ್ನು ಕಾಯಿಸಿ ತೆಳುವಾಗಿಸಲು ತೈಲಬಾವಿಯೊಳಕ್ಕೂ ಹಬೆ ಹಾಯಿಸುತ್ತಾರೆ. ಕಾರ್ಖಾನೆಯ ಹಬೆ ಮತ್ತು ಬಾವಿಯ ಹಬೆ ಒಂದೇ ವಸ್ತುವಾದರೂ ಎರಡರ ರೋಗಲಕ್ಷಣಗಳು ಬೇರೆ. ಅವರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡೇ ಈ ಕೈಪಿಡಿಯನ್ನು ಬರೆದಿದ್ದೇನೆ.

ಮುಂಬೈಯಲ್ಲಿ ಈ ವಿಷಯ ತೆಗೆದರೆ ಸಾಕು, ‘ಮುಂಬೈ ಹೈ ಹಳೆಯದಾಯಿತಲ್ಲ, ಅಲ್ಲಿಗೂ ಹಬೆ ಹಾಯಿಸಬಾರದೇ?’ ಎಂಬ ಪ್ರಶ್ನೆ ಬರುತ್ತದೆ. ಹಾಯಿಸಿ ಪ್ರಯೋಜನವಿಲ್ಲ. 1974ರಲ್ಲಿ ಪತ್ತೆಯಾಗಿ 1976ರಲ್ಲಿ ಉತ್ಪಾದನೆ ಆರಂಭಿಸಿದ ಆ ಕ್ಷೇತ್ರದ ಎಣ್ಣೆ ತೆಳುವಾದದ್ದು. ಸುಣ್ಣಕಲ್ಲಿನ ಪದರದಿಂದ ಅದನ್ನು ತಳ್ಳಲು ನೀರು ಸಾಕಾಗುತ್ತದೆ. ಶಾಖ ಬೇಕಾಗುವುದು ಜೋನಿಬೆಲ್ಲದಂತೆ ದಪ್ಪನಾಗಿ ಮರಳಿನ ಕಣಗಳ ನಡುವೆ ಅಂಟಿ ಕುಳಿತ ಭಾರ ತೈಲಕ್ಕೆ. ನಮ್ಮಲ್ಲಿ ಅಂಥ ತೈಲ ಇರುವುದು ಮುಖ್ಯವಾಗಿ ಉತ್ತರ ಗುಜರಾತಿನ ಮೆಹಸಾಣಾ ಪಟ್ಟಿಯಲ್ಲಿ, ಅಂದರೆ ಬಾಲೋಲ್, ಸಾಂಥಾಲ್, ಲಾನ್ವಾ, ಬೇಚರಾಜಿ ಕ್ಷೇತ್ರಗಳಲ್ಲಿ. ಬಾಲೋಲ್‌ನಲ್ಲಿ 1990ರಲ್ಲಿ ಪ್ರಾಯೋಗಿಕವಾಗಿ ನೆಲದೊಳಗೇ ಎಣ್ಣೆಯ ಒಂದಂಶಕ್ಕೆ ಬೆಂಕಿ ಕೊಟ್ಟು ಉಳಿದದ್ದನ್ನು ಕಾಯಿಸುವ ವಿಧಾನ ಶುರುವಾಯಿತು; 1997ರಲ್ಲಿ ಅದು ವಾಣಿಜ್ಯ ಮಟ್ಟಕ್ಕೆ ಬಂತು. ಹೊರದೇಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಬೆ. ವೆನೆಜುವೆಲಾದ ಮೆನೆ ಗ್ರಾಂಡೆಯಲ್ಲಿ 1959ರಲ್ಲಿ ಹಬೆ ಹಾಕಿದ್ದ ಬಾವಿಯ ಒತ್ತಡ ಬಿಟ್ಟಾಗ ಎಣ್ಣೆ ತಾನಾಗಿ ಉಕ್ಕಿ ಬಂತು. ಒಂದೇ ಬಾವಿಗೆ ಕೆಲವು ವಾರ ಹಬೆ ಹಾಕಿ, ಕೆಲವು ದಿನ ನೆನೆಯಲು ಬಿಟ್ಟು, ಮತ್ತೆ ತಿಂಗಳುಗಟ್ಟಲೆ ಎಣ್ಣೆ ತೆಗೆಯುವ ಆವರ್ತ ವಿಧಾನ ಹುಟ್ಟಿದ್ದು ಹಾಗೆ. ಇಂಡೊನೇಷ್ಯಾದ ಡೂರಿ, ಕ್ಯಾಲಿಫೋರ್ನಿಯಾದ ಕರ್ನ್ ರಿವರ್ ಕ್ಷೇತ್ರಗಳಲ್ಲಿ ಒಂದು ಬಾವಿಯಿಂದ ಹಬೆ ಒತ್ತಿ ಸುತ್ತಲಿನ ಬಾವಿಗಳಿಂದ ಎಣ್ಣೆ ತೆಗೆಯುತ್ತಾರೆ.

ಉತ್ಪಾದನೆ ಕುಸಿದ ಕೂಡಲೇ ಹೆಚ್ಚಿನವರ ಕೈ ಹಬೆಯ ವಾಲ್ವ್‌ನತ್ತ ಹೋಗುತ್ತದೆ. ಅದನ್ನು ತಿರುಗಿಸುವ ಮುನ್ನ, ಈಗಾಗಲೇ ಕೊಟ್ಟ ಶಾಖ ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಿ. ಬಾಯ್ಲರ್, ಪೈಪ್, ಬಾವಿಯ ಕೊಳವೆ, ಬಂಡೆ ಎಂಬ ದಾರಿಯಲ್ಲಿ ಎಲ್ಲೋ ಒಂದು ಕಡೆ ಅದು ಸೋರಿದೆ. ನೆಲದ ಮೇಲಿನ ಸೋರಿಕೆಯನ್ನು ಹುಡುಕಲು ಒಂದು ಹಗಲು ಸಾಕು. ನೆಲದೊಳಗಿನದನ್ನು ಹುಡುಕಲು ರಿಗ್ (ಬಾವಿಯೊಳಗಿನ ಕೊಳವೆ ಎತ್ತುವ ಯಂತ್ರ) ತರಬೇಕಾಗಬಹುದು. ಆದ್ದರಿಂದ ಮೇಲಿನಿಂದಲೇ ಶುರುಮಾಡೋಣ.

ಮೊದಲು ಜೀವ

ಹೆಚ್ಚು ಒತ್ತಡದ ಹಬೆ ಸೋರುವ ಜಾಗದಲ್ಲಿ ಕಣ್ಣಿಗೆ ಕಾಣುವುದಿಲ್ಲ. ಬೆಳ್ಳಗೆ ಕಾಣುವುದು ಅದು ತಣ್ಣಗಾಗಿ ಹನಿಯಾದ ಮೇಲೆ, ಸೋರುವ ತೂತಿನಿಂದ ಅಷ್ಟು ದೂರದಲ್ಲಿ. ‘ಸುಯ್’ ಎಂಬ ಸದ್ದು ಬರುತ್ತಿದ್ದು ಏನೂ ಕಾಣದಿದ್ದರೆ ಅಲ್ಲಿಯೇ ನಿಲ್ಲಿ. ಕೈ ಆಡಿಸಿ ಹುಡುಕುವುದಂತೂ ಬೇಡವೇ ಬೇಡ. ದೂರದಿಂದ ಇನ್ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿ.

ಎರಡನೆಯದು ಹೈಡ್ರೋಜನ್ ಸಲ್ಫೈಡ್. ಗಂಧಕವಿರುವ ಭಾರ ತೈಲಕ್ಕೆ 200 ಡಿಗ್ರಿ ಮೀರಿದ ಹಬೆ ತಾಗಿದರೆ ಈ ಅನಿಲ ಹುಟ್ಟುತ್ತದೆ. ಶಾಖ ಕೊಡುವ ಮೊದಲು ಈ ಅನಿಲ ಇಲ್ಲದಿದ್ದ ಬಾವಿಯಲ್ಲೂ ಆಮೇಲೆ ಬರಬಹುದು. ಕೊಳೆತ ಮೊಟ್ಟೆಯ ವಾಸನೆ ಬಂತು, ಆಮೇಲೆ ಹೋಯಿತು ಎಂದರೆ ಅಪಾಯ ಕಳೆಯಿತೆಂದು ತಿಳಿಯಬೇಡಿ. 100 ಪಿಪಿಎಂ (ಗಾಳಿಯ ಹತ್ತು ಲಕ್ಷದಲ್ಲಿ 100 ಭಾಗ) ಹೊತ್ತಿಗೆ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಜೀವಕ್ಕೆ ತಕ್ಷಣದ ಅಪಾಯವೆಂದು ಗುರುತಿಸಿರುವ ಮಟ್ಟವೂ ಅದೇ. ಗಾಳಿಗಿಂತ ಭಾರವಾದ್ದರಿಂದ ಅದು ವೆಲ್‌ಹೆಡ್ (ಬಾವಿಯ ಬಾಯಿಗೆ ಕೂರಿಸಿದ ವಾಲ್ವ್‌ಗಳ ಜೋಡಣೆ) ಕೆಳಗಿನ ಗುಂಡಿಯಲ್ಲಿ ಕುಳಿತಿರುತ್ತದೆ. ಡಿಟೆಕ್ಟರ್ ಇಲ್ಲದೆ ಆ ಗುಂಡಿಗೆ ಇಳಿಯಬಾರದು. ಇಳಿದವನು ಕುಸಿದರೆ ಅವನನ್ನು ಎತ್ತಲು ಉಸಿರಾಟದ ಸಾಧನವಿಲ್ಲದೆ ಇನ್ನೊಬ್ಬ ಇಳಿಯಬಾರದು. ಇಂಥ ಗುಂಡಿಗಳಲ್ಲಿ ಎರಡನೆಯ ಸಾವು ಆಗುವುದು ಹೀಗೆಯೇ.

ಬಾಯ್ಲರ್ ಉರಿಯುತ್ತಿದೆ, ಡಿಗ್ರಿ ಸರಿಯಾಗಿದೆ, ಆದರೂ ಎಣ್ಣೆ ಹೆಚ್ಚುತ್ತಿಲ್ಲ

ಅತಿ ಹೆಚ್ಚು ಕೇಳಿಬರುವ ದೂರು ಇದು, ಅತಿ ಹೆಚ್ಚು ದಾರಿ ತಪ್ಪಿಸುವುದೂ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯೋಣ.

ಖರ್ಚಿಲ್ಲದ ಪರೀಕ್ಷೆ ಮೊದಲು. ವೆಲ್‌ಹೆಡ್‌ನಲ್ಲಿರುವ ಒತ್ತಡದ ಗೇಜ್ ಮತ್ತು ಥರ್ಮಾಮೀಟರ್ ಎರಡನ್ನೂ ಒಟ್ಟಿಗೆ ಓದಿ. ನೀರು ಮತ್ತು ಆವಿ ಒಟ್ಟಿಗಿರುವ ಹಬೆಯಲ್ಲಿ ಒತ್ತಡ ಗೊತ್ತಾದರೆ ಉಷ್ಣತೆ ಗೊತ್ತಾದಂತೆಯೇ. 20 ಬಾರ್‌ಗೆ 212 ಡಿಗ್ರಿ ಸೆಲ್ಸಿಯಸ್, 40 ಬಾರ್‌ಗೆ 250, 70 ಬಾರ್‌ಗೆ 286, 100 ಬಾರ್‌ಗೆ 311. ಗೇಜ್ 70 ತೋರಿಸುತ್ತಿದ್ದು ಥರ್ಮಾಮೀಟರ್ 250 ಎನ್ನುತ್ತಿದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ, ಇಲ್ಲವೇ ಅಲ್ಲಿಗೆ ತಲುಪುತ್ತಿರುವುದು ಆವಿಯೇ ಇಲ್ಲದ ಬರೀ ಬಿಸಿನೀರು. ಬಾವಿಯನ್ನು ದೂರುವ ಮೊದಲು ಆ ಎರಡು ಉಪಕರಣಗಳನ್ನು ಬಿಚ್ಚಿ ಪರೀಕ್ಷಿಸಿ.

ಎರಡೂ ಹೊಂದಿಕೊಂಡಿವೆ ಎಂದಿಟ್ಟುಕೊಳ್ಳಿ. ಅಷ್ಟಕ್ಕೇ ಶಾಖ ಸರಿಯಾಗಿದೆ ಎನ್ನಲಾಗದು. ಪನ್ವೇಲ್‌ನಿಂದ ಹೋಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ಒಮ್ಮೆ ಫೋನಿನಲ್ಲಿ ಇದೇ ವಾದ ಹೂಡಿದ್ದ: ‘ಸರ್, ಬಾಯ್ಲರ್ ಹತ್ತಿರವೂ 286, ವೆಲ್‌ಹೆಡ್‌ನಲ್ಲೂ 285. ಒಂದೇ ಡಿಗ್ರಿ ಇಳಿದಿದೆ. ದಾರಿಯಲ್ಲಿ ಶಾಖ ಹೋಗಿದೆ ಎಂದು ಹೇಗೆ ಹೇಳುತ್ತೀರಿ?’

‘ಡಿಗ್ರಿ ನೋಡಬೇಡಪ್ಪ,’ ಎಂದೆ. ‘ನೀರಿನ ಮಾದರಿ ತೆಗೆದು ಕ್ಲೋರೈಡ್ ನೋಡು.’

ಕಾರಣ ಇಷ್ಟು. ತೇವದ ಹಬೆ ಶಾಖ ಕಳೆದುಕೊಂಡಾಗ ಒತ್ತಡ ಅಷ್ಟೇ ಇದ್ದರೆ ಉಷ್ಣತೆ ಇಳಿಯುವುದಿಲ್ಲ. ಆವಿಯ ಒಂದು ಪಾಲು ನೀರಾಗುತ್ತದೆ. 70 ಬಾರ್‌ನಲ್ಲಿ ತೂಕದ ಶೇ. 80 ಆವಿಯಿರುವ ಹಬೆ ಕೆಜಿಗೆ ಸುಮಾರು 2,470 ಕಿಲೋಜೂಲ್ ಹೊತ್ತಿರುತ್ತದೆ. ಆವಿ ಶೇ. 40ಕ್ಕೆ ಇಳಿದರೆ ಅದು ಸುಮಾರು 1,870. ಕೆಜಿಗೆ 600 ಕಿಲೋಜೂಲ್ ಕಳೆದುಹೋದರೂ ಥರ್ಮಾಮೀಟರ್ ಎರಡೂ ಸಲ 286 ಎಂದೇ ಹೇಳುತ್ತದೆ. ಈ ಒಂದು ಸಂಗತಿ ತಲೆಯಲ್ಲಿ ಕೂತರೆ ಅರ್ಧ ದೋಷಗಳು ನೆಲದ ಮೇಲೆಯೇ ಸಿಕ್ಕಿಬೀಳುತ್ತವೆ.

ಆವಿಯ ಪಾಲು ಅಳೆಯಲು ದುಬಾರಿ ಯಂತ್ರ ಬೇಡ. ನೀರಿನಲ್ಲಿರುವ ಉಪ್ಪು ಆವಿಯ ಜೊತೆ ಹೋಗುವುದಿಲ್ಲ, ದ್ರವದಲ್ಲೇ ಉಳಿಯುತ್ತದೆ. ಬಾಯ್ಲರ್‌ಗೆ ಹೋಗುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 150 ಮಿಲಿಗ್ರಾಂ ಇದ್ದು, ಹಬೆಯಿಂದ ಬೇರ್ಪಡಿಸಿದ ದ್ರವದಲ್ಲಿ 750 ಇದ್ದರೆ, 150ನ್ನು 750ರಿಂದ ಭಾಗಿಸಿ: 0.2. ಅಂದರೆ ಐದನೇ ಒಂದು ಪಾಲು ನೀರು, ಉಳಿದ ಶೇ. 80 ಆವಿ. ಅದೇ ಅಳತೆ ವೆಲ್‌ಹೆಡ್‌ನಲ್ಲಿ 300 ಬಂದರೆ ಆವಿ ಶೇ. 50 ಮಾತ್ರ, ನಡುವಿನ ಪೈಪ್ ಶಾಖ ತಿನ್ನುತ್ತಿದೆ. ಮಾದರಿಯನ್ನು ತಣ್ಣೀರಿನಲ್ಲಿ ಮುಳುಗಿಸಿದ ಸುರುಳಿ ಕೊಳವೆಯ ಮೂಲಕ ತಂಪು ಮಾಡಿಯೇ ಹಿಡಿಯಿರಿ. ನೇರವಾಗಿ ಬಾಟಲಿಗೆ ಬಿಟ್ಟರೆ ಒಂದು ಪಾಲು ಆವಿಯಾಗಿ ಹಾರಿ ಲೆಕ್ಕ ಕೆಡುತ್ತದೆ, ಕೈಯೂ ಸುಡುತ್ತದೆ.

ಕಾರ್ಖಾನೆಯಿಂದ ಬಂದವರು ಇಲ್ಲಿ ಒಂದು ಅಭ್ಯಾಸವನ್ನು ಬಿಡಬೇಕು. ಅಲ್ಲಿ 10 ಬಾರ್ ಆಸುಪಾಸಿನ ಒಣ ಹಬೆ ಗುರಿ. ತೇವ ಎಂದರೆ ದೋಷ. ತೈಲಕ್ಷೇತ್ರದ ಬಾಯ್ಲರ್‌ನಲ್ಲಿ ಆವಿಯನ್ನು ನೀರಿನಿಂದ ಬೇರ್ಪಡಿಸುವ ಡ್ರಮ್ ಇರುವುದಿಲ್ಲ. ಒಂದು ತುದಿಯಿಂದ ಹೋದ ನೀರು ಇನ್ನೊಂದು ತುದಿಯಿಂದ ಹಬೆಯಾಗಿ ಬರುತ್ತದೆ, ಮತ್ತು ಉದ್ದೇಶಪೂರ್ವಕವಾಗಿಯೇ ಅದರಲ್ಲಿ ಸುಮಾರು ಶೇ. 20 ನೀರು ಉಳಿಸಿರುತ್ತಾರೆ. ಎಲ್ಲ ಉಪ್ಪನ್ನೂ ಕರಗಿಸಿ ಹೊತ್ತೊಯ್ಯುವುದು ಆ ನೀರೇ. ‘ಇನ್ನಷ್ಟು ಒಣ ಹಬೆ ಕೊಡೋಣ’ ಎಂದು ಉರಿ ಏರಿಸಿ ಶೇ. 90 ದಾಟಿಸಿದರೆ ಉಪ್ಪು ಕೊಳವೆಯ ಒಳಗೋಡೆಗೆ ಅಂಟಿ, ಲೋಹ ಕಾದು ಕೆಂಪಾಗಿ, ಕೊಳವೆ ಒಡೆಯುತ್ತದೆ. ಆವಿಯ ಪಾಲು ಹಾಗೆ ಏರಿದ್ದು ಕಂಡರೆ ಉರಿ ತಗ್ಗಿಸಿ, ಬಾಯ್ಲರ್ ಹೊಣೆ ಹೊತ್ತ ಪ್ರಮಾಣಪತ್ರವಿರುವ ವ್ಯಕ್ತಿಯನ್ನು ಕರೆಯಿರಿ. ಇನ್ನೊಂದು ವ್ಯತ್ಯಾಸವೂ ಇದೆ: ಕಾರ್ಖಾನೆಯಲ್ಲಿ ಹಬೆ ತಣಿದಾದ ನೀರು (ಕಂಡೆನ್ಸೇಟ್) ಮರಳಿ ಬರುತ್ತದೆ, ಇಲ್ಲಿ ಹೋದ ನೀರು ನೆಲದೊಳಗೆ ಹೋಯಿತು. ದಿನವೂ ಹೊಸ ನೀರು ಬೇಕು, ದಿನವೂ ಅದರ ಗಡಸುತನ ಶೂನ್ಯಕ್ಕೆ ಹತ್ತಿರವಿರಬೇಕು. ಸಾಫ್ಟ್‌ನರ್ ಒಂದು ಪಾಳಿ ಕೈಕೊಟ್ಟರೂ ಬಾಯ್ಲರ್ ಕೊಳವೆ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಪೈಪ್ ಶಾಖ ತಿನ್ನುತ್ತಿದೆ ಎಂದು ಗೊತ್ತಾದರೆ ಅದರ ಉದ್ದಕ್ಕೂ ನಡೆಯಿರಿ. ಹೊದಿಕೆ ಕಿತ್ತುಹೋದ ಜಾಗ ಕಣ್ಣಿಗೇ ಕಾಣುತ್ತದೆ. ಕಾಣದಿರುವುದು ಒದ್ದೆಯಾದ ಹೊದಿಕೆ. ಕೊಂಕಣದ ಮಳೆಗಾಲದಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ: ಮೇಲಿನ ಅಲ್ಯೂಮಿನಿಯಂ ತಗಡು ಹೊಳೆಯುತ್ತಿರುತ್ತದೆ, ಜೋಡಣೆಯ ಸೀಳಿನಿಂದ ಒಳಗಿಳಿದ ನೀರು ಶಾಖ ತಡೆಯುವ ಉಣ್ಣೆಯಂಥ ಪದರದಲ್ಲಿ ತುಂಬಿರುತ್ತದೆ. ಪೈಪಿನ ಆಧಾರಗಳು, ವಾಲ್ವ್‌ನ ಮೈ, ಫ್ಲ್ಯಾಂಜ್‌ಗಳು ಬರಿಮೈಯಲ್ಲಿ ಬಿಟ್ಟಿದ್ದರೆ ಅವನ್ನೂ ಗುರುತು ಹಾಕಿ. ತಣಿದ ನೀರನ್ನಷ್ಟೇ ಹೊರಬಿಡಬೇಕಾದ ಸ್ಟೀಮ್ ಟ್ರ್ಯಾಪ್ ತೆರೆದೇ ಉಳಿದಿದೆಯೇ ನೋಡಿ.

ಮೇಲೆಲ್ಲ ಸರಿಯಿದ್ದರೆ ಮಾತ್ರ ಬಾವಿಯೊಳಗಿನ ಸೋರಿಕೆಗೆ ಬನ್ನಿ. ಹಬೆ ಇಳಿಯುವ ಟ್ಯೂಬಿಂಗ್ ಮತ್ತು ಹೊರಗಿನ ಕೇಸಿಂಗ್ ನಡುವಿನ ಖಾಲಿ ಜಾಗ ಒಣಗಿರಬೇಕು. ಆ ಜಾಗವನ್ನು ಕೆಳಗಡೆ ಮುಚ್ಚುವ ಬಿರಡೆ, ಅಂದರೆ ಪ್ಯಾಕರ್, ಸೋರಿ ಅಲ್ಲಿ ನೀರು ನಿಂತರೆ ಆ ನೀರು ಕುದಿದು, ಮೇಲೆ ತಣಿದು, ಮತ್ತೆ ಇಳಿದು, ಟ್ಯೂಬಿಂಗ್‌ನ ಶಾಖವನ್ನು ಬಿಡುವಿಲ್ಲದೆ ಹೊರಗೆ ಸಾಗಿಸುತ್ತದೆ. ಕೇಸಿಂಗ್‌ನ ಒತ್ತಡವನ್ನೂ ಕೇಸಿಂಗ್ ತಲೆಯ ಉಷ್ಣತೆಯನ್ನೂ ಹಿಂದಿನ ತಿಂಗಳ ದಾಖಲೆಯೊಂದಿಗೆ ಹೋಲಿಸಿ. ಎರಡೂ ಏರಿದ್ದರೆ ಪ್ಯಾಕರ್ ಮೇಲೆ ಅನುಮಾನ. ನಿರ್ವಾತ ಹೊದಿಕೆಯ ಟ್ಯೂಬಿಂಗ್ ಇದ್ದರೆ ಯಾವುದೋ ಒಂದು ತುಂಡು ನಿರ್ವಾತ ಕಳೆದುಕೊಂಡಿರಬಹುದು; ಅದನ್ನು ತಿಳಿಯಲು ಬಾವಿಯೊಳಗೆ ಉಷ್ಣತೆಯ ಸರ್ವೆ ಬೇಕು.

ಹಬೆಯ ಪ್ರಮಾಣ ತೀರಾ ಕಡಿಮೆಯಿದ್ದರೂ ಇದೇ ಲಕ್ಷಣ ಬರುತ್ತದೆ ಎಂಬುದು ಮರೆಯಬಾರದ ಮಾತು. ಬಾವಿಯ ಗೋಡೆ ತಿನ್ನುವ ಶಾಖ ಹೆಚ್ಚುಕಡಿಮೆ ಅಷ್ಟೇ. ಹಬೆ ಕಡಿಮೆ ಹೋದರೆ ಅದರಲ್ಲಿ ದೊಡ್ಡ ಪಾಲು ಗೋಡೆಗೇ ಮುಗಿದು, 1,000 ಮೀಟರ್ ಕೆಳಗೆ ಬರೀ ಬಿಸಿನೀರು ತಲುಪುತ್ತದೆ. ವಾಲ್ವ್ ತೆರೆಯುವುದೇ ಸರಿಯಾದ ಮದ್ದಾಗಿರುವ ಸಂದರ್ಭ ಇದೊಂದೇ. ಅದನ್ನೂ ಲೆಕ್ಕ ಹಾಕಿಯೇ ಮಾಡಬೇಕು.

ಕೊನೆಗೆ ಒಂದು ಅಂಕಿ: 1 ಘನಮೀಟರ್ ಎಣ್ಣೆಗೆ ಎಷ್ಟು ಘನಮೀಟರ್ ನೀರನ್ನು ಹಬೆಯಾಗಿಸಿದಿರಿ? 1 ಘನಮೀಟರ್ ಕಚ್ಚಾ ತೈಲವನ್ನು ಬಾಯ್ಲರ್‌ನಲ್ಲಿ ಉರಿಸಿದರೆ ಸುಮಾರು 14 ಘನಮೀಟರ್ ನೀರು ಹಬೆಯಾಗುತ್ತದೆ. ನಿಮ್ಮ ಅನುಪಾತ ಆ ಕಡೆಗೆ ಸಾಗುತ್ತಿದೆ ಎಂದರೆ ತೆಗೆದ ಎಣ್ಣೆಯನ್ನೇ ಸುಟ್ಟು ಎಣ್ಣೆ ತೆಗೆಯುತ್ತಿದ್ದೀರಿ ಎಂದರ್ಥ. ಆದರೆ ಆವರ್ತ ವಿಧಾನದಲ್ಲಿ ಒಂದೊಂದು ಸುತ್ತಿಗೂ ಇಳುವರಿ ತಗ್ಗುವುದು ಸಹಜ. ಐದನೇ ಸುತ್ತನ್ನು ಮೊದಲನೆಯದರ ಜೊತೆ ಹೋಲಿಸಿ ಗಾಬರಿಯಾಗಬೇಡಿ, ನಾಲ್ಕನೆಯದರ ಜೊತೆ ಹೋಲಿಸಿ.

ಒತ್ತಡ ಏರುತ್ತಿದೆ, ಹಬೆ ಒಳಗೆ ಹೋಗುತ್ತಿಲ್ಲ

ಒತ್ತಡ ಗಂಟೆಗಳಲ್ಲಿ ಏರಿತೋ ವಾರಗಳಲ್ಲಿ ಏರಿತೋ ಎಂಬುದು ಮೊದಲ ಪ್ರಶ್ನೆ. ಗಂಟೆಗಳಲ್ಲಿ ಏರಿದ್ದರೆ ಮೇಲ್ಗಡೆಯ ಯಾವುದೋ ವಾಲ್ವ್ ಅರ್ಧ ಮುಚ್ಚಿದೆ, ಚೆಕ್ ವಾಲ್ವ್ ಅಂಟಿದೆ, ಇಲ್ಲವೇ ಹರಿವನ್ನು ಮಿತಿಗೊಳಿಸುವ ಚೋಕ್ ಕಟ್ಟಿದೆ. ವಾರಗಳಲ್ಲಿ ಏರಿದ್ದರೆ ಬಾವಿಯ ತಳದ ಸುತ್ತಲಿನ ಬಂಡೆ ಮುಚ್ಚಿಕೊಳ್ಳುತ್ತಿದೆ.

ಬಂಡೆ ಮುಚ್ಚಿಕೊಳ್ಳಲು ಸಾಮಾನ್ಯ ಕಾರಣ ಜೇಡಿ. ಹಬೆ ತಣಿದು ಆಗುವ ನೀರು ಉಪ್ಪಿಲ್ಲದ ಸಿಹಿನೀರು. ಲಕ್ಷಾಂತರ ವರ್ಷ ಉಪ್ಪುನೀರಿನಲ್ಲಿ ಕುಳಿತ ಸ್ಮೆಕ್ಟೈಟ್ ಜಾತಿಯ ಜೇಡಿಗೆ ಸಿಹಿನೀರು ತಾಗಿದರೆ ಅದು ಊದಿ ಮರಳಿನ ನಡುವಿನ ದಾರಿಗಳನ್ನು ಕಟ್ಟುತ್ತದೆ. ಹಬೆಯ ದ್ರವ ಭಾಗ ಕ್ಷಾರೀಯವಾದ್ದರಿಂದ ಮರಳಿನ ಸಿಲಿಕಾವನ್ನು ಕರಗಿಸಿ, ಮುಂದೆ ತಣ್ಣಗಿರುವ ಕಡೆ ಮತ್ತೆ ಕೂರಿಸುವುದೂ ಉಂಟು. ನೀರಿನ ಸಂಸ್ಕರಣೆ ತಪ್ಪಿದ್ದರೆ ಕಿಟ್ಟವೂ ಸೇರುತ್ತದೆ. ನೀರು ಮತ್ತು ಭಾರ ತೈಲ ಕಲಸಿದ ದಪ್ಪ ಮಿಶ್ರಣ ಇನ್ನೊಂದು.

ಇವುಗಳಲ್ಲಿ ಯಾವುದೆಂದು ಹೇಳಲು ಕಾಗದ-ಪೆನ್ಸಿಲಿನ ಒಂದು ಪರೀಕ್ಷೆ ಸಾಕಷ್ಟು ದೂರ ಕರೆದೊಯ್ಯುತ್ತದೆ. ದಿನದಿನದ ಒತ್ತಡವನ್ನು ಕೂಡುತ್ತಾ ಹೋಗಿ ನಿಲುವಿನಲ್ಲಿಯೂ, ಒಟ್ಟು ಹಾಕಿದ ಹಬೆಯನ್ನು ಅಡ್ಡದಲ್ಲಿಯೂ ಗುರುತಿಸಿ. ಹಾಲ್ ನಕ್ಷೆ ಎಂದು ಇದಕ್ಕೆ ಹೆಸರು. ಗೆರೆ ನೇರವಿದ್ದರೆ ಬಾವಿ ಆರೋಗ್ಯವಾಗಿದೆ. ಕಡಿದಾಗುತ್ತಾ ಹೋದರೆ ಕಟ್ಟಿಕೊಳ್ಳುತ್ತಿದೆ. ಗೆರೆ ಬಾಗಲು ಶುರುವಾದ ದಿನಾಂಕವನ್ನು ನೀರಿನ ಪರೀಕ್ಷಾ ಪುಸ್ತಕದಲ್ಲಿ ಹುಡುಕಿ. ಸಾಫ್ಟ್‌ನರ್ ಕೈಕೊಟ್ಟ ದಿನ ಅಲ್ಲೇ ಆಸುಪಾಸಿನಲ್ಲಿ ಸಿಕ್ಕರೆ ಕಾರಣ ಸಿಕ್ಕಂತೆ.

ಇಲ್ಲಿ ಒತ್ತಡ ಏರಿಸಿ ಬಲವಂತವಾಗಿ ತಳ್ಳಲು ಹೋಗಬಾರದು. ಮೇಲಿನ ಬಂಡೆ ತಡೆಯುವ ಒತ್ತಡಕ್ಕೆ ಮಿತಿಯಿದೆ, ಅದು ನಿಮ್ಮ ಅನುಮತಿ ಪತ್ರದಲ್ಲಿ ಬರೆದಿರುತ್ತದೆ. ಆಮ್ಲ ಹಾಕಿ ತೊಳೆಯುವ ನಿರ್ಧಾರವೂ ಪಾಳಿಯ ಸಿಬ್ಬಂದಿಯದಲ್ಲ. ಜೇಡಿಯ ಜಾತಿ ತಿಳಿಯದೆ ಹಾಕಿದ ಆಮ್ಲ ಇದ್ದ ದಾರಿಯನ್ನೂ ಮುಚ್ಚಬಹುದು.

ಒತ್ತಡ ತಟ್ಟನೆ ಬಿತ್ತು

ಇದು ಕೆಲವರಿಗೆ ಶುಭಸುದ್ದಿಯಂತೆ ಕಾಣುತ್ತದೆ: ಹಬೆ ಸಲೀಸಾಗಿ ಹೋಗುತ್ತಿದೆಯಲ್ಲ! ಈ ಕೈಪಿಡಿಯಲ್ಲಿ ನಾನು ಅತಿ ಹೆಚ್ಚು ಹೆದರುವ ಲಕ್ಷಣ ಇದೇ.

ಗೇಜ್ ಕೆಟ್ಟಿಲ್ಲ ಎಂದು ಖಚಿತವಾದ ಕೂಡಲೇ ಹಬೆ ನಿಲ್ಲಿಸಿ, ಆಮೇಲೆ ಯೋಚಿಸಿ. ಕೇಸಿಂಗ್ ಒಡೆದು ಹಬೆ ಮೇಲಿನ ಪದರಗಳಿಗೆ ಹೋಗುತ್ತಿರಬಹುದು, ಸಿಮೆಂಟಿನ ಹಿಂದಿನಿಂದ ಏರುತ್ತಿರಬಹುದು, ಬಂಡೆಯೇ ಬಿರಿದಿರಬಹುದು. 2006ರ ಮೇ ತಿಂಗಳಿನಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದ ಜಾಸ್ಲಿನ್ ಕ್ರೀಕ್‌ನಲ್ಲಿ ಹಬೆ ಮೇಲಿನ ಬಂಡೆಯನ್ನು ಭೇದಿಸಿ ನೆಲದಿಂದ ಸಿಡಿದು ಹೊಂಡವನ್ನೇ ಮಾಡಿತು. 2011ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಿಡ್‌ವೇ-ಸನ್‌ಸೆಟ್ ಕ್ಷೇತ್ರದಲ್ಲಿ ಹಬೆ ಏಳುತ್ತಿದ್ದ ಜಾಗವನ್ನು ನೋಡಲು ಹೋದ ಕೆಲಸಗಾರನ ಕಾಲಡಿಯ ನೆಲ ಕುಸಿದು ಆತ ಮೃತಪಟ್ಟ. ಆದ್ದರಿಂದ ಬಾವಿಯ ಸುತ್ತ ನೆಲ ಬೆಚ್ಚಗಿದ್ದರೆ, ಬಿರುಕಿನಿಂದ ಆವಿ ಏಳುತ್ತಿದ್ದರೆ, ಹುಲ್ಲು ಒಂದು ಪಟ್ಟಿಯಲ್ಲಿ ಮಾತ್ರ ಒಣಗಿದ್ದರೆ ಹತ್ತಿರ ಹೋಗಿ ನೋಡುವ ಕುತೂಹಲ ಬೇಡ. ದೂರದಿಂದ ಹಗ್ಗ ಕಟ್ಟಿ, ಊರಿನವರನ್ನೂ ದನಕರುಗಳನ್ನೂ ಆ ಕಡೆ ಬಿಡದೆ, ಮೇಲಧಿಕಾರಿಗೆ ತಿಳಿಸಿ. ಹತ್ತಿರದ ಕುಡಿಯುವ ನೀರಿನ ಬಾವಿಗಳ ಉಷ್ಣತೆಯನ್ನೂ ಉಪ್ಪನ್ನೂ ಅಂದೇ ಪರೀಕ್ಷಿಸಬೇಕು. ಎಣ್ಣೆ ಒಂದು ದಿನ ತಡವಾಗಿ ಬಂದರೆ ಯಾರಿಗೂ ಏನೂ ಆಗುವುದಿಲ್ಲ.

ಮುಂದಿನ ಕೆಲಸ ಉಷ್ಣತೆ ಮತ್ತು ಶಬ್ದದ ಸರ್ವೆ, ಸಿಮೆಂಟಿನ ಪರೀಕ್ಷೆ. ಅದು ತಜ್ಞರ ಪಾಲು.

ಪಕ್ಕದ ಉತ್ಪಾದನಾ ಬಾವಿ ಬಿಸಿಯಾಯಿತು, ನೀರೇ ಬರುತ್ತಿದೆ

ಹಬೆ ಹಗುರ. ಪದರದ ಮೇಲ್ಭಾಗಕ್ಕೆ ಏರಿ ಅಲ್ಲೇ ಓಡುತ್ತದೆ, ಕೆಳಗಿನ ಎಣ್ಣೆಯನ್ನು ಮುಟ್ಟುವುದೇ ಇಲ್ಲ. ಮಧ್ಯೆ ಸಡಿಲ ಮರಳಿನ ಪಟ್ಟಿಯೊಂದಿದ್ದರೆ ಆ ದಾರಿ ಹಿಡಿದು ನೇರವಾಗಿ ಪಕ್ಕದ ಬಾವಿಗೆ ನುಗ್ಗುತ್ತದೆ.

ಉತ್ಪಾದನಾ ಬಾವಿ ಬೆಚ್ಚಗಾಗುವುದು ತಪ್ಪಲ್ಲ. ಅದಕ್ಕೇ ತಾನೆ ಹಬೆ ಹಾಕಿದ್ದು! ನಿಧಾನವಾಗಿ ಬಿಸಿಯಾಗುತ್ತಾ ಎಣ್ಣೆಯೂ ಹೆಚ್ಚುತ್ತಿದ್ದರೆ ಬಾವಿ ಸರಿಯಾಗಿ ಸ್ಪಂದಿಸುತ್ತಿದೆ. ಉಷ್ಣತೆ ಜಿಗಿದು, ಎಣ್ಣೆ ಇಳಿದು, ಕೇಸಿಂಗ್ ಒತ್ತಡ ಏರಿದರೆ ಹಬೆ ಅಡ್ಡದಾರಿ ಹಿಡಿದಿದೆ. ಖಚಿತಪಡಿಸಿಕೊಳ್ಳಲು ಬಂದ ನೀರಿನ ಕ್ಲೋರೈಡ್ ಅಳೆಯಿರಿ. ಪದರದ ಸಹಜ ನೀರು ಉಪ್ಪು, ಹಬೆ ತಣಿದ ನೀರು ಸಪ್ಪೆ. ಕ್ಲೋರೈಡ್ ಹಿಂದಿಗಿಂತ ಕುಸಿದಿದ್ದರೆ ಅದು ನಿಮ್ಮದೇ ಬಾಯ್ಲರ್‌ನ ನೀರು. ಕುಸಿಯದೆ ನೀರು ಮಾತ್ರ ಹೆಚ್ಚಿದ್ದರೆ ಕೆಳಗಿನ ಜಲಪದರ ಮೇಲೇರಿದೆ, ಹಬೆಯನ್ನು ದೂರಬೇಡಿ. ಈ ಎರಡನ್ನು ಬೇರ್ಪಡಿಸುವ ಪರೀಕ್ಷೆ ಪ್ರಯೋಗಶಾಲೆಯ ಮೇಜಿನ ಮೇಲೆ ಅರ್ಧ ಗಂಟೆಯ ಕೆಲಸ. ಅದನ್ನು ಮಾಡದೆ ಸರ್ವೆಗೆ ಹಣ ಕೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಯಾವ ಬಾವಿಯ ಹಬೆ ಬಂದಿದೆ ಎಂದು ತಿಳಿಯಲು ಸುತ್ತಲಿನ ಹಬೆಬಾವಿಗಳನ್ನು ಒಂದೊಂದಾಗಿ ತಗ್ಗಿಸಿ ನೋಡಬಹುದು. ಸ್ಪಷ್ಟವಾಗದಿದ್ದರೆ ಟ್ರೇಸರ್ (ಹಬೆಯ ದಾರಿ ಗುರುತಿಸುವ ರಾಸಾಯನಿಕ) ಹಾಕಬೇಕು. ಮದ್ದು ಮೂರು ಬಗೆ: ಹಬೆ ತಗ್ಗಿಸುವುದು, ಹಬೆಯ ಜೊತೆ ನೊರೆ ಹುಟ್ಟಿಸುವ ರಾಸಾಯನಿಕ ಕಳಿಸಿ ಓಟದ ದಾರಿಯನ್ನು ಕಟ್ಟುವುದು, ಪದರದ ಮೇಲ್ಭಾಗಕ್ಕೆ ತೆರೆದ ಕೇಸಿಂಗ್ ರಂಧ್ರಗಳನ್ನು ಮುಚ್ಚುವುದು. ಮೊದಲನೆಯದನ್ನು ನೀವೇ ಮಾಡಬಹುದು.

ವೆಲ್‌ಹೆಡ್ ಮೇಲೆದ್ದಿದೆ

ಹೊಸಬರು ಇದನ್ನು ಕಂಡು ಬೆಚ್ಚುತ್ತಾರೆ. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತದೆ. ಲೆಕ್ಕ ಹಾಕಿ: 1,000 ಮೀಟರ್ ಟ್ಯೂಬಿಂಗ್ 200 ಡಿಗ್ರಿ ಕಾದರೆ 2.4 ಮೀಟರ್ ಉದ್ದವಾಗುತ್ತದೆ. ಅದಕ್ಕಾಗಿಯೇ ಬಾವಿಯೊಳಗೆ ಹಿಗ್ಗು-ಕುಗ್ಗುವ ಕೀಲು ಇಟ್ಟಿರುತ್ತಾರೆ. ಕೇಸಿಂಗ್ ಸಿಮೆಂಟಿನಲ್ಲಿ ಹುದುಗಿರುವುದರಿಂದ ಹಿಗ್ಗಲಾರದು. ಹಿಗ್ಗುವ ಬದಲು ಒಳಗೇ ಒತ್ತಡ ಕಟ್ಟಿಕೊಳ್ಳುತ್ತದೆ, ಪ್ರತಿ ಡಿಗ್ರಿಗೆ ಸುಮಾರು 2.4 ಮೆಗಾಪ್ಯಾಸ್ಕಲ್. ಕೇಸಿಂಗ್‌ಗೆ ಬಳಸುವ ಕೆ-55 ದರ್ಜೆಯ ಉಕ್ಕು ತಡೆಯುವುದು 379 ಮೆಗಾಪ್ಯಾಸ್ಕಲ್. ಅಂದರೆ 160 ಡಿಗ್ರಿಯಷ್ಟು ಏರಿದರೆ ಆ ಉಕ್ಕು ಶಾಶ್ವತವಾಗಿ ಆಕಾರ ಕಳೆದುಕೊಳ್ಳಲು ಶುರುಮಾಡುತ್ತದೆ. ತಣ್ಣಗಿನ ಎಣ್ಣೆಗಾಗಿ ದಶಕಗಳ ಹಿಂದೆ ಕೊರೆದ ಹಳೆಯ ಬಾವಿಗೆ ಹಬೆ ಹಾಕುವುದು ಯಾಕೆ ಅಪಾಯ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ. ಸಿಮೆಂಟಿನದೂ ಅದೇ ಕಥೆ. ಸಾಮಾನ್ಯ ಸಿಮೆಂಟ್ 110 ಡಿಗ್ರಿ ದಾಟಿದ ಮೇಲೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಹಬೆಬಾವಿಗೆ ತೂಕದ ಶೇ. 35ರಿಂದ 40ರಷ್ಟು ಸಿಲಿಕಾ ಪುಡಿ ಬೆರೆಸಿದ ಸಿಮೆಂಟ್ ಬೇಕು. ಬಾವಿಯ ಹಳೆಯ ಕಡತ ತೆಗೆದು ಈ ಎರಡನ್ನು ಮೊದಲು ಓದಿ.

ವೆಲ್‌ಹೆಡ್ ಪಕ್ಕದಲ್ಲಿ ನೆಲಕ್ಕೆ ಒಂದು ಕಬ್ಬಿಣದ ಗೂಟ ನೆಟ್ಟು ಗುರುತು ಹಾಕಿಡಿ. ಹಬೆ ಹಾಕಿದಾಗ ನಿಧಾನವಾಗಿ ಏರಿ, ತಣಿದಾಗ ಅದೇ ಗುರುತಿಗೆ ಮರಳಿದರೆ ಚಿಂತೆಯಿಲ್ಲ. ಮರಳದಿದ್ದರೆ, ಪ್ರತಿ ಸುತ್ತಿಗೂ ಏರಿಕೆ ಹೆಚ್ಚಿದರೆ, ಒಂದೇ ದಿನದಲ್ಲಿ ಜಿಗಿದರೆ ಸಿಮೆಂಟ್ ಕೇಸಿಂಗ್‌ನ ಹಿಡಿತ ಬಿಟ್ಟಿದೆ. ಆಗ ಹಬೆ ನಿಲ್ಲಿಸಿ ತಿಳಿಸಿ. ತಕ್ಷಣ ತಣ್ಣೀರು ಹಾಯಿಸಿ ತಂಪು ಮಾಡಲು ಹೋಗಬೇಡಿ. ಕಾದಾಗ ಒತ್ತಿದ ಕೇಸಿಂಗ್ ತಣಿಯುವಾಗ ಎಳೆಯಲ್ಪಡುತ್ತದೆ, ಜೋಡಣೆಗಳು ಕಿತ್ತುಬರುವುದು ಆಗಲೇ.

ಪಂಪ್ ಬಡಿಯುತ್ತಿದೆ, ಎಣ್ಣೆ ಬಿಟ್ಟುಬಿಟ್ಟು ಬರುತ್ತಿದೆ

ಬಕೆಟಿನಲ್ಲಿ ಮಾದರಿ ಹಿಡಿದು ತಳದಲ್ಲಿ ಮರಳು ಕೂರುತ್ತದೆಯೇ ನೋಡಿ. ಭಾರ ತೈಲದ ಪದರಗಳಲ್ಲಿ ಮರಳು ಸಡಿಲ, ಬೇಗ ಬೇಗ ತೆಗೆಯಲು ಹೋದರೆ ಅದೂ ಎದ್ದು ಬರುತ್ತದೆ. ಮರಳಿದ್ದರೆ ಪಂಪಿನ ವೇಗ ತಗ್ಗಿಸಿ. ನಿಲ್ಲಿಸಬೇಡಿ, ನಿಲ್ಲಿಸಿದರೆ ಕೊಳವೆಯಲ್ಲಿರುವ ಮರಳೆಲ್ಲ ಪಂಪಿನ ಮೇಲೆ ಕೂರುತ್ತದೆ.

ಮರಳಿಲ್ಲದೆ ಪಂಪ್ ಬಡಿಯುತ್ತಿದ್ದರೆ ಅದರೊಳಗೇ ನೀರು ಕುದಿಯುತ್ತಿರಬಹುದು. 150 ಡಿಗ್ರಿಯ ನೀರು ದ್ರವವಾಗಿ ಉಳಿಯಲು ಸುಮಾರು 4.8 ಬಾರ್ ಒತ್ತಡ ಬೇಕು, 180 ಡಿಗ್ರಿಯದಕ್ಕೆ 10 ಬಾರ್. ಪಂಪ್ ಹೀರುವಾಗ ಒತ್ತಡ ಅದಕ್ಕಿಂತ ಇಳಿದರೆ ಪಂಪಿನ ಹೊಟ್ಟೆಯಲ್ಲಿ ಆವಿ ತುಂಬಿ ಎಣ್ಣೆಗೆ ಜಾಗವೇ ಇರುವುದಿಲ್ಲ. ವೇಗ ತಗ್ಗಿಸಿ ದ್ರವದ ಮಟ್ಟ ಏರಲು ಬಿಡಿ. ಬಾವಿ ಸ್ವಲ್ಪ ತಣಿಯುವವರೆಗೆ ಕಾಯುವುದೂ ಮದ್ದೇ. ತಿರುಚು ರೋಟರಿನ ಪಂಪ್ ಇದ್ದರೆ ಅದರ ರಬ್ಬರ್ ಎಷ್ಟು ಡಿಗ್ರಿ ತಡೆಯುತ್ತದೆ ಎಂದು ತಯಾರಕರ ಹಾಳೆಯಲ್ಲಿ ನೋಡಿಯೇ ಶುರುಮಾಡಿ.

ಹಬೆಯಲ್ಲ, ಬೆಂಕಿ ಕೊಟ್ಟ ಬಾವಿ: ಅನಿಲದಲ್ಲಿ ಆಮ್ಲಜನಕ ಕಾಣಿಸಿತು

ಬಾಲೋಲ್, ಸಾಂಥಾಲ್ ಮಾದರಿಯ ಕ್ಷೇತ್ರಗಳಿಗೆ ಹೋಗುವವರಿಗೆ ಈ ಭಾಗ. ಇಲ್ಲಿ ಒಳಗೆ ಹೋಗುವುದು ಗಾಳಿ, ಕೆಲವೊಮ್ಮೆ ಅದರ ಜೊತೆ ನೀರು. ನೆಲದಡಿಯ ಬೆಂಕಿಯನ್ನು ಯಾರೂ ನೋಡಲಾಗದು, ಹೊರಬರುವ ಅನಿಲವೇ ಸಾಕ್ಷಿ. ಗಾಳಿಯಲ್ಲಿ ಶೇ. 21 ಆಮ್ಲಜನಕವಿರುತ್ತದೆ, ಒಳಗೆ ಚೆನ್ನಾಗಿ ಉರಿದಿದ್ದರೆ ಅದು ಹೊರಬರುವ ಹೊತ್ತಿಗೆ ಇಲ್ಲವೆನ್ನುವಷ್ಟು ಕರಗಿ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುತ್ತದೆ. ಡೈಆಕ್ಸೈಡ್ ಇಳಿಯುತ್ತಿದ್ದು ಆಮ್ಲಜನಕವೂ ಹೆಚ್ಚು ಕಾಣದಿದ್ದರೆ ಬೆಂಕಿ ಆರುತ್ತಿದೆ. ಆಮ್ಲಜನಕ ಎಣ್ಣೆಗೆ ಅಂಟಿಕೊಂಡು ಅದನ್ನು ಇನ್ನಷ್ಟು ದಪ್ಪ ಮಾಡುತ್ತಿದೆ. ಸಾಮಾನ್ಯವಾಗಿ ಗಾಳಿ ಕಡಿಮೆಯಾದಾಗ ಹೀಗಾಗುತ್ತದೆ, ಕಂಪ್ರೆಸರ್ ದಾಖಲೆ ನೋಡಿ.

ಆಮ್ಲಜನಕವೇ ಏರುತ್ತಿದ್ದರೆ ಗಾಳಿ ಬೆಂಕಿಯನ್ನು ತಪ್ಪಿಸಿಕೊಂಡು ಬರುತ್ತಿದೆ. ಬಾವಿಯೊಳಗೆ ಎಣ್ಣೆಯ ಆವಿಯೂ ಆಮ್ಲಜನಕವೂ ಒಟ್ಟಿಗಿವೆ ಎಂದರೆ ಸ್ಫೋಟಕ್ಕೆ ಕಿಡಿಯೊಂದೇ ಬಾಕಿ. ಮೊದಲು ಮಾದರಿ ಹಿಡಿಯುವ ಕೊಳವೆಗೆ ಹೊರಗಿನ ಗಾಳಿ ಸೇರಿಲ್ಲ ಎಂದು ಖಚಿತಪಡಿಸಿಕೊಂಡು ಕೂಡಲೇ ಇನ್ನೊಂದು ಮಾದರಿ ತೆಗೆಯಿರಿ. ಅದರಲ್ಲೂ ಕಂಡರೆ ಆ ಬಾವಿಯನ್ನು ಮುಚ್ಚಿಸಿ, ಗಾಳಿ ತಗ್ಗಿಸಲು ಹೇಳಿ.

ಕಂಪ್ರೆಸರ್ ನಿಂತ ಬಾವಿಯಲ್ಲಿ ಇನ್ನೊಂದು ಅಪಾಯ ಅಡಗಿದೆ. ಗಾಳಿಯ ಒತ್ತಡ ಇಲ್ಲವಾದಾಗ ಎಣ್ಣೆ ಗಾಳಿಬಾವಿಯೊಳಕ್ಕೆ ಹಿಂದಕ್ಕೆ ಹರಿಯುತ್ತದೆ. ವಿದ್ಯುತ್ ಬಂತೆಂದು ನೇರವಾಗಿ ಗಾಳಿ ಬಿಟ್ಟರೆ ಆ ಎಣ್ಣೆ ಬಾವಿಯೊಳಗೇ ಹೊತ್ತಿಕೊಳ್ಳಬಹುದು. ಮೊದಲು ಸಾರಜನಕ ಅಥವಾ ನೀರಿನಿಂದ ಅದನ್ನು ಹಿಂದಕ್ಕೆ ತಳ್ಳಿ, ಆಮೇಲೆ ಗಾಳಿ.

ಸಹಾಯಕ್ಕೆ ಕರೆ ಮಾಡುವಾಗ ಕೈಯಲ್ಲಿರಬೇಕಾದದ್ದು

ಮುಂಬೈಯ ಕಚೇರಿಯಲ್ಲಿ ಕುಳಿತವರಿಗೆ ಬಾವಿ ಕಾಣುವುದಿಲ್ಲ, ನೀವು ಹೇಳಿದ ಅಂಕಿಗಳಷ್ಟೇ ಕಾಣುತ್ತವೆ. ‘ಒತ್ತಡ ಏರಿದೆ’ ಎಂದರೆ ಸಾಲದು. ಎಷ್ಟಿದ್ದದ್ದು ಎಷ್ಟಾಯಿತು, ಎಷ್ಟು ಹೊತ್ತಿನಲ್ಲಿ, ಆ ಹೊತ್ತಿನಲ್ಲಿ ಬಾಯ್ಲರ್‌ನಲ್ಲಿ ಏನು ಬದಲಾಯಿತು ಎಂದು ಹೇಳಿ. ಬಾಯ್ಲರ್ ಮತ್ತು ವೆಲ್‌ಹೆಡ್ ಎರಡೂ ಕಡೆಯ ಕ್ಲೋರೈಡ್, ಟ್ಯೂಬಿಂಗ್ ಮತ್ತು ಕೇಸಿಂಗ್ ಒತ್ತಡ, ಗೂಟದ ಗುರುತು, ನೀರಿನ ಗಡಸುತನ, ಅನಿಲದ ಮಾದರಿ ಇವು ಒಂದೇ ದಿನದವಾಗಿರಲಿ. ಕಳೆದ ವಾರದ ಕ್ಲೋರೈಡಿಗೆ ಇವತ್ತಿನ ಒತ್ತಡ ಜೋಡಿಸಿದರೆ ಉತ್ತರವೂ ಹಾಗೆಯೇ ಬರುತ್ತದೆ. ಗೇಜ್‌ಗಳನ್ನು ಕೊನೆಯ ಸಲ ಪರೀಕ್ಷಿಸಿದ ದಿನಾಂಕವನ್ನು ಹಾಳೆಯ ಮೇಲ್ಗಡೆಯೇ ಬರೆಯಿರಿ, ಏಕೆಂದರೆ ನಾವು ಕೇಳುವ ಮೊದಲ ಪ್ರಶ್ನೆ ಅದೇ.